ಮನೆ ಮಂದಿಯನ್ನು ಊಟಕ್ಕೆ ಕರೆಯುವುದಿಲ್ಲ

ನಮ್ಮ ಕಡೆ ಮದುವೆಮನೆಯಲ್ಲಿ ಎಷ್ಟೇ ಹಸಿದವರೂ ತಾವಾಗಿ ಎದ್ದು ಹೋಗಿ ಪಂಕ್ತಿಯಲ್ಲಿ ಕೂರುವುದಿಲ್ಲ. ಯಾರಾದರೂ ಬಂದು ‘ಊಟಕ್ಕ ಏಳ್ರಿ’ ಅನ್ನಬೇಕು. ಒಂದು ಸಲ ಅಂದರೂ ಏಳಬಾರದು. ‘ಇರ್ಲಿ ಬಿಡ್ರಿ, ಮೊದ್ಲ ದೂರದ ಮಂದೀದ ಆಗ್ಲಿ’ ಅನ್ನಬೇಕು. ಹೊಟ್ಟೆ ತಾಳ ಹಾಕುತ್ತಿದ್ದರೂ ಹಾಗೇ ಅನ್ನಬೇಕು. ಆಗ ಕರೆಯಲು ಬಂದವರು ರಟ್ಟೆ ಹಿಡಿದು ಎಬ್ಬಿಸುತ್ತಾರೆ. ನಾವು ಅವರಿಗೆ ಉಪಕಾರ ಮಾಡುವವರ ಹಾಗೆ ಎದ್ದು ಹೋಗಿ ಎರಡೆರಡು ಹೋಳಿಗೆ ಉಣ್ಣುತ್ತೇವೆ. ನನ್ನ ಗಂಡ ಇದನ್ನು ಕಂಡು ನಗುತ್ತಿದ್ದರು. ‘ನಿಮ್ಮ ಬ್ಯಾಡಗಿ ಮಂದೀನ ಊಟಕ್ಕ ಎಬ್ಬಸಬೇಕಂದ್ರ ಲಾರಿಗೆ ಹಚ್ಚೋ ಜಾಕ್ ತರಬೇಕ ನೋಡು’ ಅನ್ನುತ್ತಿದ್ದರು. ಅವರು ಹಾವೇರಿಯವರು. ಹಾವೇರಿಯವರೇನು ಕರೆಯದೆ ಹೋಗಿ ಉಣ್ಣುತ್ತಾರೆಯೇ? ಅವರೂ ಅಷ್ಟೇ.

ಈ ನಿಯಮಕ್ಕೆ ಒಂದೇ ಒಂದು ವಿನಾಯಿತಿ ಇದೆ. ಮನೆ ಮಂದಿಯನ್ನು ಯಾರೂ ಕರೆಯುವುದಿಲ್ಲ. ಅವರು ಬಡಿಸುತ್ತಾರೆ, ಓಡಾಡುತ್ತಾರೆ, ಎಲ್ಲರದೂ ಆದಮೇಲೆ ಅಡುಗೆಯವರು ಪಾತ್ರೆ ತೊಳೆಯಲು ಶುರುಮಾಡುವ ಹೊತ್ತಿಗೆ ಸಿಕ್ಕಲ್ಲಿ ಕೂತು, ಉಳಿದದ್ದನ್ನು ಉಂಡು, ‘ಹುಗ್ಗಿ ತಳ ಹಿಡದೇತಿ, ನೋಡಲಿಲ್ಲೇನ’ ಅಂತ ಒಬ್ಬರನ್ನೊಬ್ಬರು ಬೈಯುತ್ತಾರೆ. ಆ ಊಟದ ರುಚಿಯೇ ಬೇರೆ. ಕರೆಯಿಸಿಕೊಂಡು ಉಣ್ಣುವುದು ಮರ್ಯಾದೆ. ಕರೆಯದೆಯೂ ಉಣ್ಣುವ ಹಕ್ಕು ಅದಕ್ಕಿಂತ ದೊಡ್ಡದು. ಇದು ನನಗೆ ಲಂಗ ಉಡುವ ವಯಸ್ಸಿನಿಂದ ಗೊತ್ತು. ಗೊತ್ತಿದ್ದೂ ನಾನು ನನ್ನ ತಮ್ಮನ ಮಗಳ ಮದುವೆಯಲ್ಲಿ, ಯಾರಾದರೂ ಕರೆದಾರು ಅಂತ ಕಾಯುತ್ತ ಹಸಿದು ಕೂತೆ. ಆವತ್ತಿನಿಂದ ನನ್ನ ತವರು ನನಗೆ ಬೀಗರ ಮನೆಯಾಗಿದೆ.

ನಾನು ಹುಟ್ಟಿದ್ದು ಬ್ಯಾಡಗಿಯಲ್ಲಿ, ಕೊಟ್ಟದ್ದು ಹಾವೇರಿಗೆ, ಕೆಲಸ ರಾಣೆಬೆನ್ನೂರಿನಲ್ಲಿ. ಬೀಜದ ಕಂಪನಿಯೊಂದರ ಲ್ಯಾಬಿನಲ್ಲಿ ಒದ್ದೆ ಕಾಗದದ ಮೇಲೆ ಬೀಜ ಹರಡಿ, ಮೊಳಕೆ ಬಂತೋ ಇಲ್ಲವೋ ಅಂತ ನೋಡುವುದು ನನ್ನ ಉದ್ಯೋಗ. ನನಗೆ ಮಕ್ಕಳಿಲ್ಲ. ಈ ಎರಡನ್ನೂ ಸೇರಿಸಿ ಮಂದಿ ಹಿಂದಿನಿಂದ ಏನಾದರೂ ಅನ್ನುತ್ತಿರಬಹುದು, ಅನ್ನಲಿ. ಗಂಡ ತೀರಿಕೊಂಡ ಮೇಲೂ ನಾನು ಹಾವೇರಿಯ ಮನೆ ಬಿಡಲಿಲ್ಲ. ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ನಡುವೆ ಮೋಟೆಬೆನ್ನೂರು ಕ್ರಾಸ್ ಬರುತ್ತದೆ. ಅಲ್ಲಿ ಇಳಿದು ಟಂಟಂ ರಿಕ್ಷಾ ಹತ್ತಿದರೆ ಬ್ಯಾಡಗಿ ಮಾತಾಡುವುದರೊಳಗೆ ಬಂದುಬಿಡುತ್ತದೆ. ಮೊದಲು ವಾರದಲ್ಲಿ ಒಂದು ಸಂಜೆಯಾದರೂ ಇಳಿಯುತ್ತಿದ್ದೆ. ಈಗ ದಿನಾ ಅದೇ ಕ್ರಾಸಿನಲ್ಲಿ ಬಸ್ಸು ನಿಲ್ಲುತ್ತದೆ, ಮಂದಿ ಇಳಿಯುತ್ತಾರೆ, ಹತ್ತುತ್ತಾರೆ, ನಾನು ಕೂತೇ ಇರುತ್ತೇನೆ.

ಬ್ಯಾಡಗಿಯ ಮನೆಯಲ್ಲಿ ಇರುವವರು ನನ್ನ ತಮ್ಮ ಮತ್ತು ಅವನ ಹೆಂಡತಿ. ತಮ್ಮನಿಗೆ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ. ಅವನ ಹೆಂಡತಿ ಆ ಮನೆಗೆ ಬಂದಾಗ ಇನ್ನೂ ಹುಡುಗಿ. ನಾನು ಅವಳನ್ನು ‘ಹುಡುಗಿ’ ಅಂತಲೇ ಕರೆದೆ, ಅವಳಿಗೆ ತಲೆ ನೆರೆತ ಮೇಲೂ ಹಾಗೇ ಕರೆಯುತ್ತೇನೆ. ನಮ್ಮಿಬ್ಬರಿಗೂ ಬಾಯಿ ಜೋರು. ನಾನು ಹಿತ್ತಲ ಬಾಗಿಲಿನಿಂದ ಹೋಗಿ ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ನುಗ್ಗಿ, ಒಲೆಯ ಮೇಲಿದ್ದ ಪಾತ್ರೆಗಳ ಮುಚ್ಚಳ ತೆಗೆದು ನೋಡುತ್ತಿದ್ದೆ.

‘ಬಂದ್ರೇನ, ಛಲೋ ಆತು. ಬರೇ ಮುಚ್ಚಳ ತಗದು ನೋಡಿದ್ರ ಹೊಟ್ಟಿ ತುಂಬಂಗಿಲ್ಲ, ಅಕ್ಕಾರ. ಆ ಉಳ್ಳಾಗಡ್ಡಿ ಹೆಚ್ಚರಿ ಮೊದ್ಲ’ ಅನ್ನುತ್ತಿದ್ದಳು.

‘ಸಾರಿಗೆ ಉಪ್ಪ ಕಡಿಮಿ ಐತಿ ನೋಡ.’

‘ನಿಮ್ಮ ನಾಲಗಿಗೆ ಉಪ್ಪಿನ ಗುಡ್ಡಾ ತಂದು ಸುರುವಿದ್ರೂ ಕಡಿಮೀನ.’

ಹೀಗೆ ಜಗಳಾಡುತ್ತ ನಾವಿಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು, ಒಂದೇ ತಾಟಿನಲ್ಲಿ ರೊಟ್ಟಿ ಮುರಿದು ತಿನ್ನುತ್ತಿದ್ದೆವು. ಹೊರಗೆ ಪಡಸಾಲೆಯಲ್ಲಿ ನನ್ನ ಗಂಡನಿಗೆ ಮಾತ್ರ ಅಳಿಯತನದ ಉಪಚಾರ. ಅವರಿಗೆ ಮಣೆ, ಮೊದಲ ಪಂಕ್ತಿ, ಬೇಡವೆಂದರೂ ಬೀಳುವ ತುಪ್ಪ. ಹಾವೇರಿಗೆ ವಾಪಸಾಗುವಾಗ ಅವರು, ‘ನಿಮ್ಮ ಮನ್ಯಾಗ ನಾ ಉಣ್ಣೂದು ಪರೀಕ್ಷಾ ಬರದಂಗ ಆಗ್ತೈತಿ. ನೀ ಒಳಗ ಆರಾಮ ಕುಂತು ನಗತಿರ್ತಿ’ ಅಂತ ದೂರುತ್ತಿದ್ದರು. ನಾನು ಅವರ ದೂರನ್ನು ಕಿವಿಗೆ ಹಾಕಿಕೊಂಡವಳಲ್ಲ.

ಅವರು ತೀರಿಕೊಂಡ ವರ್ಷವೇ ತಮ್ಮನ ಮಗಳ ಮದುವೆ ಬಂತು. ಸೋದರತ್ತೆ ಅಂದರೆ ಮದುವೆಯಲ್ಲಿ ಕೈ ಬಿಡುವಿಲ್ಲದ ಕೆಲಸ. ನಾನು ಮೊದಲೇ ಹೋಗಿ ಅಕ್ಕಿ ಆರಿಸಿದೆ, ಬೀಗರಿಗೆ ಕೊಡುವ ಉಂಡಿ ಕಟ್ಟಿದೆ. ಆದರೆ ಮದುವೆಯ ದಿನ ಆರತಿ ಹಿಡಿಯುವ ಹೊತ್ತಿಗೆ ನಾನೇ ಹಿಂದೆ ಸರಿದು ಕಲ್ಯಾಣ ಮಂಟಪದ ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತೆ. ಯಾರೂ ಬೇಡ ಅನ್ನಲಿಲ್ಲ. ‘ಯಾಕ ಅಲ್ಲಿ ಕುಂತಿ, ಮುಂದ ಬಾ’ ಅಂತಲೂ ಯಾರೂ ಅನ್ನಲಿಲ್ಲ. ಅನ್ನುತ್ತಾರೇನೋ ಅಂತ ನೋಡುತ್ತಿದ್ದೆ ಅನ್ನುವುದು ಖರೆ.

ಅಕ್ಕಿಕಾಳು ಬಿದ್ದವು, ಊಟ ಶುರುವಾಯಿತು. ತಮ್ಮ ಸಾಲು ಸಾಲಾಗಿ ಬಂದು ಎಲ್ಲರನ್ನೂ ಎಬ್ಬಿಸಿದ. ಬೀಗರನ್ನು ಎಬ್ಬಿಸಿದ, ಪೇಟೆಯವರನ್ನು ಎಬ್ಬಿಸಿದ, ‘ಇರ್ಲಿ ಬಿಡ್ರಿ’ ಅಂದವರ ರಟ್ಟೆ ಹಿಡಿದ. ನನ್ನ ಸಾಲಿಗೂ ಬಂದು ನನ್ನ ಆಚೆ ಕೂತವರನ್ನು, ಈಚೆ ಕೂತವರನ್ನು ಎಬ್ಬಿಸಿದ. ನನ್ನ ಮುಖ ನೋಡಿದ, ದಣಿದು ನಕ್ಕ, ಮುಂದೆ ಹೋದ. ನಾನು ಖಾಲಿ ಕುರ್ಚಿಗಳ ನಡುವೆ ಕೂತೆ. ಕೆಳಗಿನ ಊಟದ ಹಾಲಿನಿಂದ ಕಟ್ಟಿನ ಸಾರಿನ ವಾಸನೆ ಬರುತ್ತಿತ್ತು. ಎದ್ದು ಹೋಗಿ ಉಣ್ಣುವುದಕ್ಕೆ ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ಕಾಲು ಏಳಲಿಲ್ಲ. ಯಾವ ಮದುವೆಗೆ ಹೋದರೂ ನನ್ನ ಗಂಡ ಕೊನೆಗೆ ನನ್ನನ್ನು ಹುಡುಕಿಕೊಂಡು ಬಂದು ‘ಉಂಡಿ ಇಲ್ಲ?’ ಅಂತ ಕೇಳುತ್ತಿದ್ದರು. ಅಷ್ಟು ಮಂದಿಯಲ್ಲಿ ಆ ಒಂದು ಮಾತು ಕೇಳುವವರು ಇನ್ನು ಯಾರೂ ಇಲ್ಲ ಅನ್ನುವುದು ಆ ಕುರ್ಚಿಯ ಮೇಲೆ ನನಗೆ ತಿಳಿಯಿತು. ಅವರು ಸತ್ತ ದಿನವೂ ನಾನು ಅಷ್ಟು ಅತ್ತಿರಲಿಲ್ಲ, ಮದುವೆಯ ದಿನ ಒಳಗೊಳಗೇ ಅತ್ತೆ.

ಮಗಳನ್ನು ಕಳಿಸಿಕೊಡುವ ಹೊತ್ತಿನಲ್ಲಿ ಬೀಗರ ಕಡೆಯ ಹಿರಿಯ ಹೆಂಗಸೊಬ್ಬರು ಬಾಯಿಮಾತಿಗೆ ಅಂತ ನನ್ನನ್ನು ಕೇಳಿದರು, ‘ನಿಮ್ಮದು ಊಟ ಆತಲ್ರೀ?’

ಕೇಳಿದವರಿಗೆ ‘ಆತ್ರಿ’ ಅನ್ನುವುದು ರೂಢಿ. ನಾನು ಅನ್ನಲಿಲ್ಲ. ‘ನನಗ್ಯಾರ ಉಣ್ಣು ಅಂತಾರ್ರೀ ಈ ಮನ್ಯಾಗ?’ ಅಂದೆ. ಮೆಲ್ಲಗೆ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲಿ ಇರುವಂಥದ್ದು, ದನಿಯೂ ಹಾಗೇ. ಬೀಗರೆಲ್ಲ ತಿರುಗಿ ನೋಡಿದರು. ತಮ್ಮನ ಮುಖದ ಬಣ್ಣ ಹೋಯಿತು.

‘ಅಕ್ಕ, ಮನಿ ಮಂದೀನ ಯಾರರ ಕರೀತಾರೇನ?’ ಅಂದ.

‘ನಾ ಮನಿ ಮಂದಿ ಅಂತ ನಿಮಗ ನೆನಪಿದ್ರ ಆತು’ ಅಂದು ನಾನು ಚೀಲ ತಗೊಂಡು ಬಸ್‌ಸ್ಟ್ಯಾಂಡಿಗೆ ನಡೆದೆ. ಹಾವೇರಿಗೆ ಬಂದು ಒಣ ಮಂಡಕ್ಕಿ ತಿಂದು ಮಲಗಿದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಹೋಯಿತು, ನಿಜ. ಆದರೂ ಇವತ್ತಿಗೂ ನನ್ನದೇ ತಪ್ಪು ಅಂತ ನಾನು ಒಪ್ಪುವುದಿಲ್ಲ. ಮನೆ ಮಂದಿಗೆ ಮರ್ಯಾದೆ ಯಾಕೆ ಅಂತ ಕೇಳುವವರಿಗೆ ನಾನು ಹೇಳುವುದು ಇಷ್ಟೇ. ಬಾಗಿಲಿಗೆ ಬಂದ ಗುರುತಿಲ್ಲದವನಿಗೂ ನಾವು ‘ಬರ್ರಿ, ಕುಂದ್ರಿ, ನೀರು ಕುಡೀರಿ’ ಅನ್ನುತ್ತೇವೆ. ಜೊತೆಗೆ ಹುಟ್ಟಿದವಳಿಗೆ ವರ್ಷಕ್ಕೊಂದು ಸಲವಾದರೂ ‘ಉಂಡಿ ಇಲ್ಲ’ ಅಂತ ಕೇಳಿದರೆ ಬಾಯಿ ಸವೆಯುತ್ತದೆಯೇ? ಅವಳು ಉಂಡಿರುತ್ತಾಳೆ ಅಂತ ಗೊತ್ತಿದ್ದರೂ ಕೇಳಬೇಕು. ಗೊತ್ತಿದ್ದೂ ಕೇಳುವುದೇ ಅದರ ಬೆಲೆ.

ಮುಂದಿನ ಪಂಚಮಿಗೆ ತಮ್ಮ ಕರೆಯಲು ಬಂದ. ಪಂಚಮಿಗೆ ಅಣ್ಣತಮ್ಮಂದಿರು ಬಂದು ಅಕ್ಕತಂಗಿಯರನ್ನು ತವರಿಗೆ ಕರೆದುಕೊಂಡು ಹೋಗುವುದು ನಮ್ಮಲ್ಲಿ ಇದ್ದದ್ದೇ. ಆದರೆ ನಾವಿಬ್ಬರೂ ಅದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಫೋನಿನಲ್ಲಿ ‘ಬರ್ತಿ ಇಲ್ಲ?’ ಅಂದರೆ ನಾನು ಬಸ್ಸು ಹತ್ತುತ್ತಿದ್ದೆ. ಆ ಸಲ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಡಿಗೆ ಕಾರು ತಂದು, ನನ್ನ ಮನೆಯ ಹೊಸ್ತಿಲ ಹೊರಗೆ ನಿಂತು ‘ಅಕ್ಕ, ಕರಿಯಾಕ ಬಂದೇನಿ’ ಅಂದ. ಒಳಗೆ ಬಾ ಅನ್ನುವವರೆಗೂ ಬರಲಿಲ್ಲ. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಹೀಗೆ ಬರಲಿ ಅಂತಲೇ ನಾನು ಕಾದಿದ್ದೆ.

ಬ್ಯಾಡಗಿಯಲ್ಲಿ ಕಾರು ಮುಂಬಾಗಿಲಿಗೆ ನಿಂತಿತು. ತಮ್ಮನ ಹೆಂಡತಿ ಕಾಲಿಗೆ ನೀರು ಕೊಟ್ಟಳು. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಬೆಲ್ಲ, ನೀರು ಬಂದವು. ತಾಟಿನಲ್ಲಿ ಎಲ್ಲ ಬಗೆಯ ಉಂಡಿಗಳು ಬಂದವು. ನಾನು ಏಳಲು ಹೋದರೆ, ‘ನೀವು ಕುಂದ್ರಿ, ಅಕ್ಕಾರ. ದಣದು ಬಂದೀರಿ’ ಅಂದಳು. ಊಟಕ್ಕೆ ನನ್ನೊಬ್ಬಳಿಗೇ ಮಣೆ. ತಮ್ಮ ಆಚೆ ನಿಂತ, ಅವಳು ಸೌಟು ಹಿಡಿದು ಈಚೆ ನಿಂತಳು. ಒಂದು ರೊಟ್ಟಿ ಮುಗಿಯುವುದರೊಳಗೆ ಇನ್ನೊಂದು ಬೀಳುತ್ತಿತ್ತು. ನಾನು ಬೇಡ ಅಂದರೆ ಮತ್ತೆ ಕೇಳುತ್ತಿದ್ದರು, ಮತ್ತೆ ಬೇಡ ಅಂದರೆ ಮತ್ತೂ ಕೇಳುತ್ತಿದ್ದರು. ಒಂದು ಕಡೆಯೂ ಕುಂದು ಹುಡುಕುವ ಹಾಗಿರಲಿಲ್ಲ.

ಅರ್ಧ ಊಟದಲ್ಲಿ ನನಗೆ ತಡೆಯಲಾಗಲಿಲ್ಲ. ಪಲ್ಯ ಚೆನ್ನಾಗಿಯೇ ಇತ್ತು. ಬೇಕಂತಲೇ, ‘ಉಪ್ಪ ಕಡಿಮಿ ಐತಿ ನೋಡ, ಹುಡುಗಿ’ ಅಂದೆ. ಅಂದು ಅವಳ ಬಾಯಿಯನ್ನೇ ನೋಡಿದೆ. ಬೈಯಲಿ, ಉಪ್ಪಿನ ಗುಡ್ಡ ತರಲಿ, ಏನಾದರೂ ಅನ್ನಲಿ ಅಂತ ನನ್ನ ಜೀವ ಬಾಯಿಗೆ ಬಂದಿತ್ತು.

‘ತಪ್ಪಾತ್ರಿ, ಅಕ್ಕಾರ’ ಅಂದಳು. ಒಳಗೆ ಹೋಗಿ ಸಣ್ಣ ಬಟ್ಟಲಿನಲ್ಲಿ ಉಪ್ಪು ತಂದು ತಾಟಿನ ಪಕ್ಕಕ್ಕೆ ಇಟ್ಟಳು.

ನಾನು ಸರಿಯಾಗಿದ್ದ ಪಲ್ಯಕ್ಕೆ ಉಪ್ಪು ಹಾಕಿಕೊಂಡು ತಿಂದೆ. ಹೋಗುವಾಗ ತಮ್ಮ ಕಾರಿನವರೆಗೆ ಚೀಲ ಹೊತ್ತು ತಂದ. ಅವಳು ಸೀರೆ ಕೊಟ್ಟು, ಬಗ್ಗಿ ಕಾಲಿಗೆ ಬಿದ್ದಳು. ಮರ್ಯಾದೆ ಬೇಕು ಅಂದೆಯಲ್ಲ, ತಗೋ ಮರ್ಯಾದೆ ಅಂತ ಇಬ್ಬರೂ ಸೇರಿ ನನಗೆ ಬುದ್ಧಿ ಕಲಿಸುತ್ತಿದ್ದಾರೆ ಅಂತ ನಾನು ತಿಳಿದೆ. ಆಗಲಿ, ನಾನೇನು ಕಡಿಮೆಯೇ? ನಾನೂ ಬೀಗರಂತೆ ಫೋನು ಮಾಡಿ ಹೋಗಲು ಶುರುಮಾಡಿದೆ. ಹಣ್ಣು, ಖಾರದ ಫರಸಾಣ ಹಿಡಿದುಕೊಂಡು ಹೋದೆ. ಮುಂಬಾಗಿಲಿನಿಂದಲೇ ಹೋಗಿ ಪಡಸಾಲೆಯಿಂದಲೇ ಬಂದೆ. ದೀಪಾವಳಿಗೆ ಒಂದು ಸಲ, ಯುಗಾದಿಗೆ ಒಂದು ಸಲ, ಪಂಚಮಿಗೆ ಒಂದು ಸಲ. ಹೀಗೆ ವರ್ಷಗಳೇ ಹೋದವು. ನಮ್ಮ ನಡುವೆ ಒಂದು ಕೆಟ್ಟ ಮಾತು ಬರಲಿಲ್ಲ, ಒಂದು ಒಳ್ಳೆಯ ಜಗಳವೂ ಆಗಲಿಲ್ಲ.

ಹಾವೇರಿಯಲ್ಲಿ ನನಗೆ ಮಾತಿಗೆ ಕೊರತೆಯಿಲ್ಲ. ಸಂಜೆ ಗೇಟು ತೆರೆಯುವ ಸಪ್ಪಳ ಕೇಳಿದರೆ ಪಕ್ಕದ ಮನೆಯವರು ‘ಈಗ ಬಂದ್ರಿ?’ ಅನ್ನುತ್ತಾರೆ. ‘ಹೂಂನ್ರಿ’ ಅನ್ನುತ್ತೇನೆ. ‘ಅಡಗಿ ಏನ್ರಿ ಇವತ್ತ?’ ಅನ್ನುತ್ತಾರೆ. ಏನೋ ಒಂದು ಹೇಳುತ್ತೇನೆ. ಬಹಳ ದಿನ ಅವಲಕ್ಕಿಯನ್ನೇ ತಿಂದಿರುತ್ತೇನೆ, ಆದರೂ ಎಣ್ಣಿಗಾಯಿ, ರೊಟ್ಟಿ ಅಂತ ಹೇಳಿರುತ್ತೇನೆ. ಒಬ್ಬಳಿಗೆ ಯಾರು ರೊಟ್ಟಿ ಬಡಿಯುತ್ತಾರೆ? ಹೆಂಗಸರಿಗೆ ಬಸ್ಸು ಫ್ರೀ ಆದಮೇಲೆ ಕಾಲಿಡಲು ಜಾಗವಿಲ್ಲದ ಗದ್ದಲದಲ್ಲೂ ಯಾರಾದರೂ ತೊಡೆಯ ಮೇಲಿನ ಚೀಲ ಸರಿಸಿ ‘ಬರ್ರಿ ಅಕ್ಕಾರ, ಇಲ್ಲೇ ಹೊಂದಿಸ್ಕೊಂಡು ಕುಂದ್ರೂಣು’ ಅನ್ನುತ್ತಾರೆ. ‘ಊಟ ಆತ್ರಿ?’ ಅಂತ ದಿನಕ್ಕೆ ಎಷ್ಟು ಜನ ಕೇಳುತ್ತಾರೋ. ಎಲ್ಲರಿಗೂ ‘ಆತ್ರಿ, ನಿಮ್ಮದು?’ ಅನ್ನುತ್ತೇನೆ. ಈ ಮಾತುಗಳನ್ನು ನಾನು ಹೀಗಳೆಯುವುದಿಲ್ಲ. ಇವಿಲ್ಲದಿದ್ದರೆ ಕೆಲವು ದಿನ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಆದರೆ ಭಾನುವಾರ ಇವೂ ಇರುವುದಿಲ್ಲ. ಭಾನುವಾರ ಮಧ್ಯಾಹ್ನ ಬೀದಿಯ ಮನೆಗಳೆಲ್ಲ ಬಾಗಿಲು ಮುಂದೆ ಮಾಡಿಕೊಂಡು ಉಂಡು ಮಲಗುತ್ತವೆ. ಆ ಹೊತ್ತಿನಲ್ಲಿ ನನಗೆ ಯಾರಾದರೂ ಬಂದು ಬೈದರೂ ಸಾಕು ಅನ್ನಿಸುತ್ತದೆ. ಬೈಯುವಷ್ಟು ಹತ್ತಿರದವರು ಇರುವುದು ಬ್ಯಾಡಗಿಯಲ್ಲಿ. ಅವರೋ, ಉಪ್ಪು ತಂದು ಪಕ್ಕಕ್ಕೆ ಇಡುತ್ತಾರೆ.

ಕಳೆದ ಸಂಕ್ರಾಂತಿಯಾದ ಮೇಲೆ ಒಂದು ಶನಿವಾರ ಸಂಜೆ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ತಮ್ಮನ ಮಗಳು ಸಿಕ್ಕಳು. ಅದೇ ಮದುವೆಯಾದವಳು. ಅವಳನ್ನು ಕೊಟ್ಟದ್ದು ರಾಣೆಬೆನ್ನೂರಿಗೇ. ತವರಿಗೆ ಹೊರಟಿದ್ದಳು. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು, ಹೇಳದೆ ಕೇಳದೆ ನನ್ನ ಚೀಲದಲ್ಲಿ ಕೈಹಾಕಿ ಶೇಂಗಾ ತೆಗೆದು ತಿನ್ನತೊಡಗಿದಳು. ನನಗೆ ಎಷ್ಟು ಹಿತವಾಯಿತೆಂದರೆ ಚೀಲವನ್ನೇ ಅವಳ ತೊಡೆಯ ಮೇಲಿಟ್ಟೆ.

ಬಸ್ಸು ಊರು ದಾಟಿದ ಮೇಲೆ ಅಂದಳು, ‘ಅತ್ತಿ, ಒಂದ್ ಮಾತು. ಸಿಟ್ಟ ಆಗಬ್ಯಾಡ. ಅಪ್ಪ ಅವ್ವನ ಮ್ಯಾಲಿನ ಸಿಟ್ಟ ಬಿಡು ಇನ್ನ.’

‘ನನಗೆಲ್ಲಿ ಐತಿ ಸಿಟ್ಟ? ಅವರಿಗೆ ಐತಿ’ ಅಂದೆ.

‘ಅವರಿಗೆಲ್ಲಿ ಸಿಟ್ಟ ಬೇ? ಅವರು ಅಂಜತಾರ.’ ಶೇಂಗಾ ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅವಳು ನನ್ನ ಕಡೆ ತಿರುಗಿದಳು. ‘ನೀ ಬರ್ತೀನಂತ ಫೋನ್ ಮಾಡಿದ್ರ ಅವ್ವಗ ಮುಂಜಾನಿಯಿಂದ ಕೈಕಾಲ ಆಡಂಗಿಲ್ಲ. ಪಲ್ಯಾದ ಉಪ್ಪ ಅಪ್ಪನ ಕಡೆ ನೋಡಸ್ತಾಳ, ಮತ್ತ ನನಗ ಫೋನ್ ಹಚ್ಚಿ, ಅತ್ತಿಗೆ ಏನ್ ಸೇರತೈತಿ ಅಂತ ಕೇಳತಾಳ. ಅಪ್ಪ ಅವತ್ತ ಅಂಗಡಿಗೇ ಹೋಗಂಗಿಲ್ಲ. ನೀ ಎದ್ದು ಹೋದಮ್ಯಾಲ ಇಬ್ರೂ ಕುಂತು, ಏನರ ಕಡಿಮಿ ಆತೇನ, ಏನರ ತಪ್ಪ ಮಾತ ಬಂತೇನ ಅಂತ ಮಾತಾಡ್ಕೊಂತಾರ. ಆಮ್ಯಾಲ ಉಣ್ತಾರ.’

ನಾನು ಕಿಟಕಿಯ ಹೊರಗೆ ನೋಡಿದೆ. ನನ್ನನ್ನು ದೂರ ಇಡಲು ಅವರು ಇಷ್ಟೆಲ್ಲ ಮಾಡುತ್ತಿದ್ದಾರೆ ಅಂತ ನಾನು ಹಲ್ಲು ಕಚ್ಚಿಕೊಂಡು ಇದ್ದೆ. ನಾನು ದೂರ ಹೋಗಬಾರದು ಅಂತ ಅವರು ಮಾಡುತ್ತಿದ್ದರು. ಸಿಟ್ಟು ಯಾಕೆ ಅಂತ ನಮ್ಮಲ್ಲಿ ಒಬ್ಬರೂ ಬಾಯಿ ಬಿಟ್ಟು ಕೇಳಲಿಲ್ಲ, ಕೇಳುವುದು ಸರಿಯಲ್ಲ ಅಂತ. ಸಿಟ್ಟು ಮಾಡಿಕೊಂಡವರನ್ನು ತಡೆದುಕೊಳ್ಳಬಹುದು. ಜೊತೆಗೆ ಹುಟ್ಟಿದವನು ನನಗೆ ಅಂಜುತ್ತಾನೆ ಅನ್ನುವುದನ್ನು ಕೇಳಿ ನನ್ನ ಎದೆ ಒಡೆಯಿತು.

ಮೋಟೆಬೆನ್ನೂರು ಕ್ರಾಸ್ ಬಂತು. ಅವಳು ಎದ್ದಳು. ‘ಬಾ ಅತ್ತಿ, ಹೋಗೂಣು’ ಅಂದಳು. ನಾನೂ ಎದ್ದೆ. ಆಮೇಲೆ ಆ ಮನೆಯಲ್ಲಿ ಪಲ್ಯ ಮಾಡಿದ್ದಾರೋ ಇಲ್ಲವೋ, ನಾನು ಹೀಗೆ ಹೊತ್ತಲ್ಲದ ಹೊತ್ತಿನಲ್ಲಿ ಹೋದರೆ ಇಬ್ಬರ ಮುಖ ಹೇಗಾದೀತು ಅನ್ನಿಸಿ, ‘ನಾಳೆ ಬರ್ತೀನಿ, ಹೇಳಬ್ಯಾಡ’ ಅಂದು ಕೂತ ಜಾಗದಲ್ಲೇ ಮತ್ತೆ ಕೂತೆ.

ಮರುದಿನ ಭಾನುವಾರ ಫೋನು ಮಾಡದೆ ಹೋದೆ. ಕೈಯಲ್ಲಿ ಹಣ್ಣಿಲ್ಲ, ಫರಸಾಣವಿಲ್ಲ, ಉಟ್ಟದ್ದು ಮನೆಯಲ್ಲಿ ಉಡುವ ಸೀರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಗ್ಗಿ. ಟಂಟಂನಲ್ಲಿ ಕೂತವರೆಲ್ಲ ಮೂಗಿಗೆ ಸೆರಗು, ಟವೆಲ್ಲು ಹಿಡಿದಿದ್ದರು. ಮುಂಬಾಗಿಲ ಕಡೆ ನಾನು ತಿರುಗಿಯೂ ನೋಡಲಿಲ್ಲ. ಸಂದಿಯಲ್ಲಿ ಹಾಯ್ದು ಹಿತ್ತಲಿಗೆ ಹೋದೆ. ದಾರಿಯುದ್ದಕ್ಕೂ ಒಂದೇ ಮಾತು ಹೇಳಿಕೊಂಡಿದ್ದೆ: ಒಳಗೆ ಹೋಗಬೇಕು, ಮುಚ್ಚಳ ತೆಗೆಯಬೇಕು, ಬೈಸಿಕೊಳ್ಳಬೇಕು. ಬೈದಳೆಂದರೆ ಗೆದ್ದೆ.

ತಮ್ಮನ ಹೆಂಡತಿ ಹಿತ್ತಲಲ್ಲಿ ಚಾಪೆಯ ಮೇಲೆ ಕಾಯಿ ಹರಡಿಕೊಂಡು ತೊಟ್ಟು ಮುರಿಯುತ್ತಿದ್ದಳು. ಹಳೆಯ ಸೀರೆ, ತಲೆಗೊಂದು ಬಟ್ಟೆ. ನನ್ನನ್ನು ಕಂಡದ್ದೇ ಎದ್ದು ನಿಂತಳು. ತಲೆಯ ಬಟ್ಟೆ ಕಿತ್ತಳು, ಖಾರದ ಕೈಯಿಂದ ಸೆರಗು ಸರಿಮಾಡಿಕೊಳ್ಳಲು ಹೋಗಿ ಕೈ ಹಿಂದೆ ತೆಗೆದಳು.

‘ಅಯ್ಯ, ಅಕ್ಕಾರ. ಒಂದ್ ಫೋನರ ಮಾಡಬಾರದಾಗಿತ್ತೇನ್ರಿ. ಅವರೂ ಇಲ್ಲ, ಪ್ಯಾಟಿಗೆ ಹೋಗ್ಯಾರ. ಮಗಳೂ ಮುಂಜಾನೇನ ಊರಿಗೆ ಹ್ವಾದ್ಲು. ಏನೂ ಮಾಡಿಲ್ಲ ನಾನು.’

‘ಮಾಡಬ್ಯಾಡ. ಮನಿ ಮಂದಿ ಫೋನ್ ಮಾಡಿ ಬರ್ತಾರೇನ?’ ಅಂದೆ. ‘ನೀ ನಿನ್ನ ಕೆಲಸ ಮಾಡು, ಹುಡುಗಿ. ಇವತ್ತ ಚಾ ನಾ ಮಾಡ್ತೀನಿ, ಇಬ್ರಿಗೂ.’

ಅವಳು ಏನೋ ಹೇಳುವುದರೊಳಗೆ ನಾನು ಚಪ್ಪಲಿ ಬಿಟ್ಟು ಒಳಗೆ ನುಗ್ಗಿದೆ. ನುಗ್ಗಿ ನಿಂತುಬಿಟ್ಟೆ.

ಅದು ನನ್ನ ಅಡುಗೆಮನೆಯಾಗಿರಲಿಲ್ಲ. ಕಟ್ಟೆ ಈ ಗೋಡೆಯಿಂದ ಆ ಗೋಡೆಗೆ ಹೋಗಿತ್ತು. ಕಿಟಕಿಯಿದ್ದಲ್ಲಿ ಫ್ರಿಜ್ಜು ನಿಂತಿತ್ತು. ತೆರೆದ ಹಲಗೆಗಳು ಹೋಗಿ, ನೆಲದಿಂದ ಸೂರಿನವರೆಗೆ ಮುಚ್ಚಿದ ಕಪಾಟುಗಳು. ಯಾವಾಗ ಕಟ್ಟಿಸಿದರು? ಹಬ್ಬಕ್ಕೆ ಬಂದು ಪಡಸಾಲೆಯಲ್ಲಿ ಕೂತು ಹೋಗುವವರಿಗೆ ಅಡುಗೆಮನೆಯ ಸುದ್ದಿ ಯಾರು ಹೇಳುತ್ತಾರೆ? ಆ ಮನೆಯಲ್ಲಿ ಕರೆಂಟು ಹೋದಾಗ ಕತ್ತಲಲ್ಲಿ ಕೈಯಾಡಿಸಿ ಜೀರಿಗೆ ಯಾವುದು, ಸಾಸಿವೆ ಯಾವುದು ಅಂತ ಹೇಳುತ್ತಿದ್ದವಳು ನಾನು. ಒಂದು ಕಪಾಟು ತೆರೆದೆ, ತಾಟುಗಳು. ಇನ್ನೊಂದು ತೆರೆದೆ, ಬೇಳೆಗಳು. ಇನ್ನೊಂದು ಎಳೆದರೆ ಬರಲೇ ಇಲ್ಲ, ಅದನ್ನು ಒತ್ತಬೇಕಿತ್ತೋ ಏನೋ. ಚಹಾ ಪುಡಿ ಹೇಗೋ ಸಿಕ್ಕಿತು. ಪಾತ್ರೆಯಲ್ಲಿ ನೀರು ಹಿಡಿದುಕೊಂಡೆ. ಒಲೆ ಹೊತ್ತಿಸಲು ಕಡ್ಡಿಪೆಟ್ಟಿಗೆ ಹುಡುಕಿದೆ. ಅದು ಕಡ್ಡಿ ಬೇಡದ ಒಲೆ ಅಂತ ಆಮೇಲೆ ತಿಳಿಯಿತು.

ಅವಳು ಬಂದು ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ನೋಡುತ್ತಿದ್ದಳು. ಮೊದಲಿನವಳಾಗಿದ್ದರೆ ‘ಕಣ್ಣ ಎಲ್ಲಿ ಇಟ್ಟೀರಿ, ನಿಮ್ಮ ಮೂಗಿನ ಮುಂದ ಐತಿ’ ಅನ್ನುತ್ತಿದ್ದಳು. ಈಗ ಬಾಯಿ ತೆರೆದಳು, ಮುಚ್ಚಿಕೊಂಡಳು. ಹಿರಿಯಳಿಗೆ ಇಲ್ಲಿ ನೋಡು, ಅಲ್ಲಿ ನೋಡು ಅಂತ ಹೇಳಿದರೆ ನನಗೆ ಅವಮಾನವಾದೀತು ಅಂತ ಅಂಜಿದ್ದಳು. ಆ ಅಂಜಿಕೆ ಅವಳ ಕಣ್ಣಿನಲ್ಲಿ ಕಂಡಿತು. ಇಷ್ಟು ವರ್ಷ ನಾನು ಅದನ್ನು ಬಿಗುಮಾನ ಅಂತ ತಿಳಿದುಕೊಂಡಿದ್ದೆ.

‘ಸಕ್ಕರಿ ಎಲ್ಲೈತಿ, ಹುಡುಗಿ?’ ಅಂತ ಕೇಳಿದೆ. ಹುಟ್ಟಿದ ಮನೆಯಲ್ಲಿ ಈ ಮಾತು ಕೇಳುವ ಪ್ರಸಂಗ ನನಗೆ ಹಿಂದೆ ಎಂದೂ ಬಂದಿರಲಿಲ್ಲ.

ಅವಳು ಕೈ ತೊಳೆದುಕೊಂಡು ಬಂದಳು. ಎಲ್ಲಿದೆ ಅಂತ ಹೇಳಲಿಲ್ಲ. ನನ್ನ ಕೈಯಲ್ಲಿದ್ದ ಪಾತ್ರೆಯನ್ನು ಎರಡೂ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು, ನನಗೆ ನೋವಾಗಬಾರದು ಅನ್ನುವ ಹಾಗೆ.

‘ನೀವು ಹೊರಗ ಕುಂದ್ರಿ, ಅಕ್ಕಾರ. ಇಲ್ಲಿ ಖಾರದ ಘಾಟ ಭಾಳ ಐತಿ. ನಾ ತರ್ತೀನಿ.’

ಕೊಡುವುದಿಲ್ಲ ಅಂತ ನಾನು ಜಗಳಾಡಬಹುದಿತ್ತು. ಜಗಳಾಡಲೆಂದೇ ಬಂದಿದ್ದೆ. ಆದರೆ ಎಳೆದಾಡಲು ಅದು ಯಾರ ಪಾತ್ರೆ? ಪಡಸಾಲೆಗೆ ಬಂದು ಕೂತೆ. ಒಳಗೆ ಒಲೆ ಟಕ್ ಅಂತ ಹೊತ್ತಿತು. ಸ್ವಲ್ಪ ಹೊತ್ತಿನ ಮೇಲೆ ಅವಳ ದನಿ ಬಂತು, ನನ್ನ ವಯಸ್ಸಿನ ಅತಿಥಿಗಳನ್ನು ಎಲ್ಲ ಮನೆಗಳಲ್ಲೂ ಕೇಳುವ ಹಾಗೆ.

‘ಅಕ್ಕಾರ, ಸಕ್ಕರಿ ನಡೀತೈತಲ್ರೀ?’

‘ನಡೀತೈತಿ ತಗೋ’ ಅಂದೆ. ಅವಳ ಅಂಜಿಕೆ ಹೋಗಲಿ, ಹೆಚ್ಚುಕಡಿಮೆಯಾದರೂ ಪರವಾಗಿಲ್ಲ ಅಂತ ಅವಳಿಗೆ ತಿಳಿಯಲಿ ಅನ್ನಿಸಿ ಇನ್ನೂ ಒಂದು ಮಾತು ಸೇರಿಸಿದೆ. ‘ನಿಮ್ಮ ಮನ್ಯಾಗ ಹೆಂಗ ಮಾಡ್ತೀರೋ ಹಂಗ ಮಾಡವಾ.’

ಆಡಿದ ಮೇಲೆ ಆ ಮಾತು ನನ್ನ ಕಿವಿಗೆ ಬಿತ್ತು. ನಿಮ್ಮ ಮನೆ, ನಮ್ಮ ಮನೆ ಅಂತ ಬೇರೆ ಮಾಡಿ ಅವರು ಯಾರೂ ಇಷ್ಟು ವರ್ಷದಲ್ಲಿ ನನ್ನೆದುರು ಅಂದಿರಲಿಲ್ಲ.